ಒಂದೇ ಕೈಬರಹ

ನಮ್ಮ ದೊಡ್ಡಪ್ಪ ಬಸ್ ಕಂಡಕ್ಟರ್ ಆಗಿದ್ದವರು. ಕೆಲಸದಿಂದ ನಿವೃತ್ತರಾದರೂ ಅವರ ಗಂಟಲಿಗೆ ನಿವೃತ್ತಿ ಸಿಗಲಿಲ್ಲ. ಬಸ್ಸಿನ ಕೊನೆಯ ಸೀಟಿಗೂ ಕೇಳಿಸುತ್ತಿದ್ದ ಆ ಗಂಟಲಿಗೆ ಹೊಸ ಕೆಲಸ ಸಿಕ್ಕಿದ್ದು ನಮ್ಮ ಬೀದಿಯ ಹಳೆಯ ಗ್ರಂಥಾಲಯದ ಜಗಲಿಯಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಮೂಟೆ ಹೊರುವವರು, ಮನೆಗೆಲಸದವರು, ಇಸ್ತ್ರಿ ಅಂಗಡಿಯ ಅಕ್ಕ, ಒಂದಿಷ್ಟು ಮುದುಕರು ಸುತ್ತ ಕೂತು ಕೇಳುತ್ತಿದ್ದರು. ಹೆಚ್ಚಿನವರಿಗೆ ಓದು ಬಾರದು, ಉಳಿದವರಿಗೆ ಕಣ್ಣು ಕಾಣದು. ನೀರು ನಿಲ್ಲಿಸುವ ದಿನ, ಆಸ್ಪತ್ರೆಯ ಹೊಸ ವೇಳೆ, ಕೋರ್ಟಿನ ತೀರ್ಪು, ಎಲ್ಲವೂ ಅವರನ್ನು ತಲುಪುತ್ತಿದ್ದದ್ದು ಆ ಗಂಟಲಿನಿಂದಲೇ.

"ಮನೇಲಿ ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೆ ಬಾಯಿ ಬಿಡಲ್ಲ. ಅಲ್ಲಿ ಹೋಗಿ ಊರಿಗೆಲ್ಲ ಕೂಗ್ತಾರೆ," ಎಂದು ದೊಡ್ಡಮ್ಮ ಗೊಣಗುತ್ತಿದ್ದರು. ಆದರೂ ಎರಡು ಗಂಟೆಯಾಗುತ್ತಲೇ ಕನ್ನಡಕ ಒರೆಸಿ ಕೈಗೆ ಕೊಡುತ್ತಿದ್ದವರು ಅವರೇ.

ಗ್ರಂಥಾಲಯವನ್ನು ದುರಸ್ತಿ ಮಾಡಿ ದೊಡ್ಡದು ಮಾಡುತ್ತಾರೆ ಎಂಬ ಸುದ್ದಿಯನ್ನೂ ದೊಡ್ಡಪ್ಪನೇ ಓದಿ ಹೇಳಿದರು. ಎಲ್ಲರಿಗೂ ಖುಷಿಯಾಯಿತು. ಮಾಡು ಸೋರುತ್ತಿತ್ತು, ಕಪಾಟುಗಳಿಗೆ ಗೆದ್ದಲು ಹಿಡಿದಿತ್ತು. ಆದರೆ ನಕ್ಷೆ ನೋಡಿದರೆ ಅದರಲ್ಲಿ ಜಗಲಿಯೇ ಇಲ್ಲ! ಅದನ್ನು ಒಡೆದು ಗಾಜಿನ ಹಾಲ್ ಕಟ್ಟುತ್ತಾರಂತೆ. ಜಗಲಿ ಹೋದರೆ ಓದೂ ಹೋದ ಹಾಗೆಯೇ, ಏಕೆಂದರೆ ಗ್ರಂಥಾಲಯದ ಒಳಗೆ ಕೆಮ್ಮಿದರೂ ಗದರುತ್ತಿದ್ದರು.

"ಇದು ನಿಮ್ಮದೇ ಗ್ರಂಥಾಲಯ, ನಿಮ್ಮ ಅಭಿಪ್ರಾಯ ತಿಳಿಸಿ," ಎಂದು ಗ್ರಂಥಾಲಯದ ಕಮಿಟಿಯವರು ಬಾಯ್ತುಂಬ ಕರೆದರು. ತಿಳಿಸುವುದು ಹೇಗೆ? ಬಣ್ಣದ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಬರೆಯಲು ಬಾರದವರನ್ನು ಕರೆದು ಬರೆದುಕೊಡಿ ಎನ್ನುವ ಬುದ್ಧಿವಂತಿಕೆಗೆ ಏನನ್ನಬೇಕೋ! ದೊಡ್ಡಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಜಗಲಿಯಲ್ಲೇ ಕೂತು, ಒಬ್ಬೊಬ್ಬರು ಹೇಳಿದ್ದನ್ನೂ ಅವರವರ ಮಾತಿನಲ್ಲೇ ಬರೆದುಕೊಟ್ಟರು. ಮೂಟೆ ಹೊರುವವನ ಬೈಗುಳವನ್ನೂ ಬಿಡಲಿಲ್ಲ. ಜಗಲಿ ಬೇಕು ಎನ್ನುವ ಚೀಟಿಗಳಿಂದ ಗೋಡೆ ತುಂಬಿಹೋಯಿತು.

ಆಮೇಲೆ ಕಮಿಟಿ ಕರೆದ ಸಭೆಗೆ ನಾನೂ ಹೋಗಿದ್ದೆ. ಅಧ್ಯಕ್ಷರು ನಗುನಗುತ್ತಾ, "ಈ ಚೀಟಿಗಳೆಲ್ಲ ಒಂದೇ ಕೈಬರಹ. ಯಾರೋ ಒಬ್ಬರೇ ಕೂತು ಬರೆದಿದಾರೆ. ಅದಕ್ಕೇ ಎಲ್ಲ ಸೇರಿಸಿ ಒಂದು ಅಭಿಪ್ರಾಯ ಅಂತ ತಗೊಂಡಿದೀವಿ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಪ್ಪ ಎದ್ದು ನಿಂತರು.

"ಕೈ ನಂದು ಸ್ವಾಮಿ, ಮಾತು ಅವರದು. ಅಲ್ಲೇ ಹಿಂದೆ ಕೂತಿದಾರೆ, ಕೇಳಿ ನೋಡಿ."

"ಬಾಯಿಮಾತು ತಗೊಳ್ಳೋ ಹಾಗಿಲ್ಲ ಸರ್. ದಾಖಲೆ ಇರ್ಬೇಕಲ್ಲ."

"ಬರೆಸಿ ಕೊಟ್ರೆ ಒಬ್ಬರದ್ದೇ ಅಂತೀರ, ಬಾಯಲ್ಲಿ ಹೇಳಿದ್ರೆ ಬೇಡ ಅಂತೀರ. ಮತ್ತೆ ನಮ್ಮನ್ನ ಯಾಕ್ರೀ ಕರೆದ್ರಿ, ಫೋಟೋಗಾ?" ಎಂದು ಇಸ್ತ್ರಿ ಅಂಗಡಿಯ ಅಕ್ಕ ಎದ್ದಳು. ಅವಳ ಹಿಂದೆ ಸಾಲಿಗೆ ಸಾಲೇ ಎದ್ದು ಗಲಾಟೆ ಶುರುವಾಯಿತು. ಅಧ್ಯಕ್ಷರು ಬೆವರು ಒರೆಸಿಕೊಂಡು, "ಆಯ್ತು, ಆಯ್ತು, ಜಗಲಿ ಉಳಿಸ್ತೀವಿ," ಎಂದುಬಿಟ್ಟರು.

ದುರಸ್ತಿ ಕೆಲಸ ಮುಗಿಯುವವರೆಗೆ ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಪೇಪರ್ ಓದಿದರು. ದೊಡ್ಡಮ್ಮನ ತಲೆನೋವು ದೇವರಿಗೇ ಪ್ರೀತಿ.

ಹೊಸ ಗ್ರಂಥಾಲಯ ತೆರೆದ ಮಧ್ಯಾಹ್ನ ಎಲ್ಲರೂ ಒಟ್ಟಾಗಿ ಹೋದೆವು. ಜಗಲಿ ನಿಜವಾಗಿಯೂ ಇತ್ತು. ಕಂಬಗಳಿಗೆ ಹೊಸ ಬಣ್ಣ, ಬೆಂಚಿಗೆ ಪಾಲಿಶ್. ಕಂಬದಿಂದ ಕಂಬಕ್ಕೆ ಉಕ್ಕಿನ ಸರಪಳಿ, ಮಧ್ಯದಲ್ಲಿ ಒಂದು ಬೋರ್ಡು: "ಪಾರಂಪರಿಕ ಜಗಲಿ. ಸಾರ್ವಜನಿಕರ ಬೇಡಿಕೆಯ ಮೇರೆಗೆ ಸಂರಕ್ಷಿಸಲಾಗಿದೆ. ಇಲ್ಲಿ ಕುಳಿತುಕೊಳ್ಳಬಾರದು." ನಮ್ಮ ಬೇಡಿಕೆಯ ಮೇರೆಗಂತೆ! ನಾವು ಕೂರಲು ಕೇಳಿದ್ದನ್ನು ನೋಡಲು ಇಟ್ಟಿದ್ದರು. ಇದಕ್ಕಿಂತ ಒಡೆದುಹಾಕಿದ್ದರೇ ಮರ್ಯಾದೆಯಾಗಿರುತ್ತಿತ್ತು.

"ಏನು ಬರೆದಿದಾರೆ ಕಂಡಕ್ಟ್ರೇ?" ಅಕ್ಕ ಕೇಳಿದಳು.

ದೊಡ್ಡಪ್ಪನ ಮುಖ ಕೆಂಪಗಾಯಿತು. ಅಷ್ಟು ವರ್ಷ ಪೇಪರಿನ ಒಂದಕ್ಷರವನ್ನೂ ಹಾರಿಸದೆ ಓದಿದ ಮನುಷ್ಯ ಬೋರ್ಡಿನ ಕಡೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಓದಿದರು: "ಇಲ್ಲಿ ಎಲ್ಲರೂ ಕುಳಿತುಕೊಳ್ಳಬಹುದು."

ಅಕ್ಕ ಒಮ್ಮೆ ಸರಪಳಿಯನ್ನು ನೋಡಿದಳು, ಒಮ್ಮೆ ದೊಡ್ಡಪ್ಪನನ್ನು ನೋಡಿದಳು. "ಸರಪಳಿ ಯಾಕೆ ಕಟ್ತಾರೆ ಅಂತ ತಿಳ್ಕೊಳ್ಳೋಕೆ ಅಕ್ಷರ ಬೇಕಾಗಿಲ್ಲ ಬಿಡಿ," ಎಂದವಳೇ ಅದನ್ನು ಎತ್ತಿ, ಬಗ್ಗಿ ಒಳಗೆ ನುಗ್ಗಿ ಬೆಂಚಿನ ಮೇಲೆ ಕೂತಳು. ಉಳಿದವರೂ ಹಿಂದೆಯೇ ನುಗ್ಗಿದರು.

ಕಾವಲುಗಾರ ಓಡಿಬಂದ. "ಏನ್ರೀ ಇದು, ಬೋರ್ಡ್ ಹಾಕಿಲ್ವಾ?"

"ನಮಗೆ ಓದೋಕೆ ಬರಲ್ಲ ಕಣಪ್ಪ."

"ಹಾಗಾದ್ರೆ ಅಧ್ಯಕ್ಷರನ್ನೇ ಕರೀತೀನಿ, ಅವರೇ ಹೇಳ್ಲಿ!"

"ಕರಿ," ಅಕ್ಕ ಕಾಲು ಮಡಚಿ ಸರಿಯಾಗಿ ಕೂತಳು. "ಆದ್ರೆ ಬಾಯಿಮಾತು ನಾವೂ ತಗೊಳ್ಳಲ್ಲ ಅಂತ ಈಗ್ಲೇ ಹೇಳ್ಬಿಡು."

ದೊಡ್ಡಪ್ಪ ಪೇಪರ್ ಬಿಡಿಸಿ ಓದಲು ಶುರು ಮಾಡಿದರು.