ಹಜರತಬಿ ಕೇಳಿದ ಮಾತು

ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಕೆಂಪು ಎಳೆ ಬೇರೆ. ಸಾವಿರಾರು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದರೇ ಮಗ್ಗ ಮುಂದೆ ಸಾಗುವುದು. ಓಣಿಯ ತುಂಬ ಪವರ್‌ಲೂಮ್ ಬಂದರೂ ಹೊಳಬಸಪ್ಪನ ಕೈಮಗ್ಗಕ್ಕೆ ಮೂವತ್ತು ವರ್ಷದಿಂದ ಕೊಂಡಿ ಹಾಕುವವಳು ಹಜರತಬಿಯೇ.

ಹೊಳಬಸಪ್ಪ ಬಸವಣ್ಣನ ಭಕ್ತ. ಸೋಮವಾರ ಸಂಜೆ ಅವನ ಪಡಸಾಲೆಯಲ್ಲಿ ವಚನದ ಕೂಟ. ಹಜರತಬಿ ನಮಾಜು ಮುಗಿಸಿ ಬಂದು ಕಂಬಕ್ಕೆ ಒರಗಿ ಕೂಡುವಳು. ಗಂಡ ತೀರಿಕೊಂಡ ಮೇಲೆ ನಾಲ್ಕು ಮಂದಿಯ ನಡುವೆ ಕೂಡಲು ಆಕೆಗೆ ಅದೊಂದೇ ಜಾಗ.

ಒಂದು ಸೋಮವಾರ, ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂದು ಹೊಳಬಸಪ್ಪ ಮನಮುಟ್ಟುವಂತೆ ಹೇಳಿದ. ಚಹಾ ಬಂತು. ಓಣಿ ಗುಡಿಸುವ ಮಲ್ಲಮ್ಮನಿಗೆ ಎಂದಿನಂತೆ ಗೋಡೆಯ ಗೂಡಿನಲ್ಲಿದ್ದ ಬೇರೆ ಲೋಟ.

"ಅಣ್ಣಾರ, ನನಗ ನಿಮ್ಮ ಲೋಟದಾಗ ಚಾ ಕೊಡ್ತೀರಿ. ಮಲ್ಲಮ್ಮಗ ಯಾಕ ಬ್ಯಾರೆ?" ಎಂದುಬಿಟ್ಟಳು ಹಜರತಬಿ.

ಹೊಳಬಸಪ್ಪನ ಮುಖ ಕೆಂಪಾಯಿತು. "ನಮ್ಮ ಧರ್ಮ ನಮಗ ಕಲಿಸಾಕ ಬಂದಿ ಏನ ನೀ? ಕೊಂಡಿ ಹಾಕಾಕಷ್ಟ ಬಾ. ಇನ್ನ ಕೂಟಕ್ಕ ಬರಬ್ಯಾಡ."

ಮೂರು ಸೋಮವಾರ ಆಕೆ ಮನೆಯಲ್ಲೇ ಕೂತಳು. ಕೂಟದ ಹಾಡಿನ ದನಿ ಅಲ್ಲಿಗೂ ಕೇಳುತ್ತಿತ್ತು.

ನಾಲ್ಕನೆಯ ವಾರ ಹೊಸ ಸೀರೆಗೆ ಕೊಂಡಿ ಹಾಕಬೇಕಾಯಿತು. ಹೊಳಬಸಪ್ಪನ ಹೆಂಡತಿ ಸಂಗವ್ವ ಎದುರಿಗೆ ಕೂತು ಕೆಂಪು ಎಳೆ ಬಿಡಿಸಿ ಕೊಡುತ್ತಿದ್ದಳು. ಹೊಳಬಸಪ್ಪ ಮೂಲೆಯಲ್ಲಿ ನೂಲು ಸುತ್ತುವ ರಾಟಿ ತಿರುವುತ್ತ ಕೂತಿದ್ದ.

"ತಪ್ಪಾತು ಅಂದುಬಿಡ ಹಜರತಬಿ. ಎಲ್ಲಾ ಸರಿ ಹೋಗ್ತೈತಿ," ಎಂದಳು ಸಂಗವ್ವ.

"ತಪ್ಪ ಯಾವ್ದ ಅಂತ ತೋರ್ಸು ಸಂಗಕ್ಕ, ಈಗ ಅಂತೇನಿ."

ಸಂಗವ್ವನ ಕೈ ನಿಂತಿತು. "ಆ ಲೋಟ ಇಟ್ಟಾಕಿ ನಾನ. ನಮ್ಮತ್ತಿ ಇಡ್ತಿದ್ಲು, ನಾನೂ ಇಟ್ನಿ. ಯಾಕಂತ ಒಂದಿನಾನೂ ಕೇಳ್ಕೊಳ್ಳಲಿಲ್ಲ ನೋಡ."

ಮೂಲೆಯಲ್ಲಿ ರಾಟಿಯ ಸದ್ದು ಅಡಗಿತು. ಹೊಳಬಸಪ್ಪ ಹಜರತಬಿಯ ಕಡೆ ತಿರುಗಿದ.

"ಸೋಮವಾರ ಬಾ. ಆದ್ರ ನಾನೂ ಕೇಳಾಂವ. ನಿಮ್ಮ ದರ್ಗಾದಾಗ ಹೆಣ್ಮಕ್ಕಳ್ನ ಹೊಸ್ತಿಲ ಹೊರಗ ಯಾಕ ನಿಂದ್ರಸ್ತಾರ?"

ಹಜರತಬಿ ಎಳೆಯಿಂದ ಕೈ ತೆಗೆಯದೆ ನಕ್ಕಳು. "ಕೇಳ್ರಿ ಅಣ್ಣಾರ! ಹತ್ತ ವರ್ಷದಿಂದ ನಾ ಒಬ್ಬಾಕೀನ ಕೇಳಾಕತ್ತೇನಿ. ನೀವೂ ಕೂಡಿದ್ರ ಇಬ್ಬರಾಗ್ತೇವಿ."

ಆ ಸೋಮವಾರ ಗೂಡು ಖಾಲಿಯಿತ್ತು. ಎಲ್ಲರಿಗೂ ಒಂದೇ ತರದ ಲೋಟ. ಮಲ್ಲಮ್ಮ ತನ್ನ ಕೈಯಲ್ಲಿದ್ದುದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಗುಟುಕು ಕುಡಿದಳು.

"ಅವ್ವಾರ, ಇಷ್ಟ ವರ್ಷ ಹೇಳಿರಲಿಲ್ರಿ. ನಿಮ್ಮ ಚಾದಾಗ ಸಕ್ಕರಿ ಭಾಳ ಕಮ್ಮಿ."

ಪಡಸಾಲೆಯೆಲ್ಲ ನಕ್ಕಿತು. ಸಂಗವ್ವ ಸಕ್ಕರೆ ಡಬ್ಬಿ ತರಲು ಎದ್ದಳು. ಹಜರತಬಿ ಕಂಬಕ್ಕೆ ಒರಗಿ ಕಾಲು ಚಾಚಿದಳು.