ನಾರಾವಿಯ ಮಹಾಲೇಖಕರ ವಿಷಯ

ಮಾನ್ಯ ಓದುಗರೇ, ನನ್ನ ಕೈಬರಹ ಕಾಗೆಕಾಲು ಗುಬ್ಬಿಕಾಲು. ಒತ್ತಕ್ಷರಗಳು ಆಗಾಗ ಕರ್ತವ್ಯಕ್ಕೆ ಗೈರುಹಾಜರಾಗುತ್ತವೆ. ಸದರಿ ಲೋಪಗಳನ್ನು ಮೊದಲೇ ಮನ್ನಿಸಬೇಕಾಗಿ ವಿನಂತಿ. ಬಂಟ್ವಾಳದ ಸರಕಾರಿ ಕಚೇರಿಯಲ್ಲಿ ನಿವೃತ್ತಿಯವರೆಗೂ ಬರಿಯ ಪತ್ರಗಳನ್ನು ಬರೆದವನಿಗೆ ಪ್ರಬಂಧ ಇದೇ ಮೊದಲು. ಆದುದರಿಂದ ಮೇಲ್ಕಂಡ ವಿಷಯವನ್ನು ಬಲ್ಲ ರೀತಿಯಲ್ಲೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ನಿವೃತ್ತಿಯ ನಂತರ ನನಗೆ ಇತಿಹಾಸದ ಹುಚ್ಚು ಹಿಡಿಯಿತು. ಶಾಸನ ಓದುವಷ್ಟು ವಿದ್ಯೆಯಿಲ್ಲ, ತಾಳೆಗರಿ ಮುಟ್ಟುವಷ್ಟು ಧೈರ್ಯವಿಲ್ಲ. ಗ್ರಂಥಾಲಯದ ಪುಸ್ತಕಪಟ್ಟಿಯಾದರೋ ನಮ್ಮ ಕಡತಗಳ ದಾಯಾದಿ: ಕ್ರಮಸಂಖ್ಯೆ, ಹೆಸರು, ವರ್ಷ, ಷರಾ. ಅದರಿಂದ, ಪುಸ್ತಕಗಳನ್ನು ತೆರೆಯದೆಯೇ, ಒಂದು ಊರು ಯಾವಾಗ ಏನು ಯೋಚಿಸುತ್ತಿತ್ತೆಂದು ತಿಳಿಯಬಹುದಂತೆ. ಪುಸ್ತಕ ತೆರೆಯದೆ ವಿದ್ವಾಂಸನಾಗುವ ಅವಕಾಶವನ್ನು ನಾನು ಬಿಟ್ಟೇನೇ?

ಬೆಳ್ತಂಗಡಿ ಕಡೆಯ ಹಳೆಯ ವಾಚನಾಲಯವೊಂದರ ಪಟ್ಟಿ ಕಂಪ್ಯೂಟರಿಗೆ ಏರಿತ್ತು. ತರಿಸಿಕೊಂಡು, ಲೇಖಕರ ಹೆಸರಿನ ಪ್ರಕಾರ ವಿಂಗಡಿಸಿದೆ. ಪರದೆಯ ತುಂಬ ಒಬ್ಬರೇ: ನಾರಾವಿಯ ಧರಣಪ್ಪ. ಶಿಶುಪಾಲನೆ, ಯಕ್ಷಗಾನ ಪ್ರಸಂಗ, ಹಸುವಿನ ರೋಗಗಳು, ಗ್ರಹಣದ ಗಣಿತ, ಎಲ್ಲ ಅವರವೇ! ಇಂಥವರನ್ನು ನಾಡು ಮರೆಯಿತಲ್ಲಾ ಎಂದು ನನ್ನ ಕಣ್ಣು ತೇವವಾಯಿತು. ನಾರಾವಿಯಲ್ಲಿ ವಿಚಾರಿಸಿ, ಅವರ ಮಗಳು ಪದ್ಮಕ್ಕನಿಗೆ ಫೋನು ಮಾಡಿ, ತಂದೆಯವರು ಮಹಾಲೇಖಕರೆಂದು ಅಭಿನಂದಿಸಿದೆ. ಮೂಡುಬಿದಿರೆಯ ಇತಿಹಾಸಾಸಕ್ತರ ಕೂಟದಲ್ಲಿ ಈ ಬಗ್ಗೆ ಮಾತನಾಡಲಿರುವುದಾಗಿಯೂ, ಕುಟುಂಬ ಸಮೇತ ಬರಬೇಕಾಗಿಯೂ ಕೋರಿದೆ.

"ಆಯ್ತು ಮಾರಾಯ್ರೆ, ಬರ್ತೇವೆ," ಎಂದರು.

ಕೂಟದ ಹಿಂದಿನ ದಿನ, ಮುಖಪುಟಗಳ ಫೋಟೋ ತೆಗೆಯಲು ವಾಚನಾಲಯಕ್ಕೆ ಹೋದೆ. ಪ್ರತಿ ಪುಸ್ತಕದ ಮೇಲೂ ಬೇರೆ ಬೇರೆ ಲೇಖಕರು! ಗ್ರಂಥಪಾಲಕಿ ನಕ್ಕುಬಿಟ್ಟರು.

"ಅದು ಪುಸ್ತಕ ಕೊಟ್ಟವರ ಹೆಸರು ಸರ್. ಆಗ ಪಟ್ಟಿ ಬರೀತಿದ್ದವರು ದೇವಸ್ಥಾನದ ಲೆಕ್ಕವನ್ನೂ ಬರೀತಿದ್ರು. ಕೊಟ್ಟವರ ಹೆಸರೇ ಮೊದಲು ಬರಬೇಕು ಅಂತ ಅವರ ಕ್ರಮ. ಅಲ್ಲಿ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ಹೆಸರು ಉಂಟಲ್ಲ, ಹಾಗೆ."

ಟ್ಯೂಬ್‌ಲೈಟಿನ ಮೇಲೆ ಹೆಸರುಳ್ಳವರೇ ಅದನ್ನು ಕಂಡುಹಿಡಿದರೆಂದು ನಮ್ಮೂರಲ್ಲಿ ಯಾರೂ ಭಾವಿಸುವುದಿಲ್ಲ. ನಾನೊಬ್ಬ ಭಾವಿಸಿದೆ.

ನನ್ನ ಮಾನ ಹೋದರೆ ಹೋಗಲಿ, ಪದ್ಮಕ್ಕನಿಗೆ ಏನು ಹೇಳಲಿ? ಮರುದಿನ ಅವರು ಹೊಸ ಸೀರೆಯುಟ್ಟು, ಜೀಪಿನ ತುಂಬ ನೆಂಟರೊಂದಿಗೆ ಬಂದಿಳಿದರು. ಸಭಾಂಗಣದ ಬಾಗಿಲಲ್ಲೇ ತಡೆದು, ಕಣ್ತಪ್ಪಿನಿಂದ ಸಂಭವಿಸಿದ ಪ್ರಮಾದವನ್ನು ಅರಿಕೆ ಮಾಡಿಕೊಂಡೆ.

"ಅಪ್ಪ ಬರೆದದ್ದಲ್ಲ ಅಂತ ನನಗೆ ಗೊತ್ತಿಲ್ವಾ? ಒಂದು ಪೋಸ್ಟ್‌ಕಾರ್ಡ್ ಬರೀಲಿಕ್ಕೂ ನನ್ನನ್ನು ಕರೀತಿದ್ರು."

"ಫೋನಿನಲ್ಲೇ ಹೇಳಬಹುದಿತ್ತಲ್ಲ ಪದ್ಮಕ್ಕ!"

"ನೀವು ಮಾತಾಡ್ಲಿಕ್ಕೆ ಬಿಟ್ರೆ ಅಲ್ವಾ? ಮತ್ತೆ, ಅಪ್ಪನ ಬಗ್ಗೆ ಯಾರಾದ್ರೂ ಇಷ್ಟು ಖುಷಿಯಲ್ಲಿ ಹೇಳಿ ಎಷ್ಟು ಕಾಲ ಆಯ್ತು. ಕೇಳುವ ಅಂತ ಆಸೆ ಆಯ್ತು. ನಾನು ಹುಟ್ಟಿದಾಗ ಶಿಶುಪಾಲನೆ ತಂದದ್ದಂತೆ. ಹಸುವಿಗೆ ಸೀಕಾದಾಗ ಹಸುವಿನದ್ದು. ಓದಿ ಆದ ಮೇಲೆ ಇನ್ನೊಬ್ಬರಿಗೆ ಬೇಕಾದೀತು ಅಂತ ಕೊಟ್ಟುಬಿಡುವುದು."

ಭಾಷಣದ ಶೀರ್ಷಿಕೆಯಲ್ಲಿ ಒಂದೇ ಒಂದು ತಿದ್ದುಪಡಿ ಮಾಡಿದೆ: 'ಮಹಾಲೇಖಕ' ಇದ್ದಲ್ಲಿ 'ಮಹಾ ಓದುಗ'. ಬರೆದವರ ಹೆಸರು ಯಾವ ಗ್ರಂಥಾಲಯದಲ್ಲೂ ಸಿಗುತ್ತದೆ. ಮಗು ಅತ್ತಾಗ, ಹಸು ಮಲಗಿದಾಗ ಓದಲು ಕೂತವರ ಹೆಸರು ಎಲ್ಲಿ ಸಿಗುತ್ತದೆ? ಪದ್ಮಕ್ಕ ಮುಂದಿನ ಸಾಲಿನಲ್ಲಿ ಕುಳಿತು, ನೆಂಟರಿಗೆಲ್ಲ ಕೇಳುವಂತೆ ಚಪ್ಪಾಳೆ ತಟ್ಟಿದರು. ಪಟ್ಟಿಗೆ ಲೇಖಕರನ್ನು ಸೇರಿಸುವಾಗ ಧರಣಪ್ಪನವರನ್ನು ಅಳಿಸಕೂಡದೆಂದು ಗ್ರಂಥಪಾಲಕಿಗೆ ಪತ್ರ ಬರೆದಿದ್ದೇನೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಿದ್ದಿ ಕೊಡಬೇಕು. ಕೊಟ್ಟವರ ಹೆಸರು ಮೊದಲು ಬರಬೇಕಾದ್ದರಿಂದ, ತಮ್ಮ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ನಮೂದಿಸಬೇಕಾಗಿಯೂ ಕೋರುತ್ತೇನೆ.