ಪಾತಾಳಗರಡಿಗೆ ಒತ್ತೆ ಇಟ್ಟ ಮಾಸ್ಕು

ಎರಡು ಸಾವಿರದ ಇಸವಿಯ ಆಚೀಚೆ ಕರಾವಳಿಯಲ್ಲಿ ನನ್ನದೊಂದು ಸ್ಕೂಬಾ ಅಂಗಡಿ ಇತ್ತು. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಸಮುದ್ರದಡಿ ಮೀನು ನೋಡೋ ಶೋಕಿಲಾಲರೇ ಗಿರಾಕಿಗಳು. ಮಳೆಗಾಲದಲ್ಲಿ ಅಂಗಡಿಗೆ ಬಾಗಿಲು. ಆಗ ಸಾಮಾನೆಲ್ಲ ಹೊತ್ತು ಅರಸೀಕೆರೆಯ ಮಾವನ ಮನೇಲಿ ಬಿದ್ದಿರ್ತಿದ್ದೆ.

ಮಾವನದು ಕೊಬ್ಬರಿ ಮಂಡಿ. ಮೂಸಿ ನೋಡಿ, ಕೆಟ್ಟು ವಾಸನೆ ಹಿಡಿದ ಕೌಟು ಕೊಬ್ಬರೀನ ಪಕ್ಕಕ್ಕೆ ಎತ್ತಿಡೋ ಆಸಾಮಿ, ನನ್ನನ್ನೂ ಮದುವೆ ದಿನವೇ ಹಾಗೆ ಎತ್ತಿಟ್ಟಿದ್ದರು. "ಮುಳುಗೋದೂ ಒಂದು ಕಸುಬೇನ್ರೀ?" ಅಂತ ಬಂದವರ ಮುಂದೆಲ್ಲ ನಗೋರು. ಆ ವರ್ಷ ಒಂದು ಕರಾರು ಹಾಕಿದರು. ಮಳೆಗಾಲ ಮುಗಿಯೋದ್ರೊಳಗೆ ಆ ಸಿಲಿಂಡರಿಂದ ಈ ಸೀಮೇಲಿ ಒಂದಾದರೂ ಕೆಲಸ ಮಾಡಿ ತೋರಿಸಬೇಕು, ಇಲ್ಲ ಅಂಗಡಿ ಮಾರಿ ಮಂಡೀಲಿ ಕೂರಬೇಕು. ಹೆಂಡತಿಯೂ ಹೂಂ ಅಂದುಬಿಟ್ಟಳು.

ಜಗಲಿ ಮೇಲೆ ಸಿಲಿಂಡರು ಇಟ್ಟೆ. ಬೀದಿಯವರು ಗ್ಯಾಸ್ ಪುಸ್ತಕ ಹಿಡಕೊಂಡು ಬಂದರು! ಇದು ಬರೀ ಗಾಳಿ ಕಣ್ರೀ ಅಂದ್ರೆ, ಗಾಳಿಗೂ ಸಿಲಿಂಡರಾ ಅಂತ ನಕ್ಕು ಹೋದರು. ದಡ್ಡ ಶಿಖಾಮಣಿಗಳು.

ಕೊನೆಗೆ ಹಾರನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಹೇಳಿಕಳಿಸಿದರು. ಅವರ ತಾಮ್ರದ ಕೊಳಗ ಬಾವಿಗೆ ಬಿದ್ದಿತ್ತು. ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋದೆ. ರಬ್ಬರು ಸೂಟು ಹಾಕಿ ಊರವರ ಮುಂದೆ ಎದೆ ಉಬ್ಬಿಸಿ ಇಳಿದೆ. ಒಳಗೆ ಬರೀ ರಾಡಿ, ನನ್ನ ಕೈ ನನಗೇ ಕಾಣಲಿಲ್ಲ. ಅರ್ಧ ಗಂಟೆ ತಡಕಾಡಿ ಒಂದು ಹವಾಯಿ ಚಪ್ಪಲಿ ಹಿಡಕೊಂಡು ಮೇಲೆ ಬಂದೆ. ಮೇಷ್ಟ್ರು ಅದನ್ನ ತಿರುಗಿಸಿ ಮುರುಗಿಸಿ ನೋಡಿ, ಇದು ನಮ್ಮದಲ್ಲ ಅಂದರು. ಜನ ಸಾಕೆನಿಸುವಷ್ಟು ನಕ್ಕು ಚದುರಿದರು.

ಪಕ್ಕದ ಮನೆ ಅಜ್ಜಿ ಹತ್ರ ಪಾತಾಳಗರಡಿ ಇತ್ತು, ಬಾವಿಗೆ ಬಿದ್ದ ಪಾತ್ರೆ ಎತ್ತೋ ಕೊಕ್ಕೆಗಳ ಗೊಂಚಲು. ಆದ್ರೆ ಮೇಷ್ಟ್ರಿಗೂ ಅಜ್ಜಿಗೂ ಮಾತಿಲ್ಲ. ಅದಕ್ಕೇ ನನಗೆ ಕರೆ ಬಂದಿದ್ದು! ನಾನೇ ಹಿತ್ತಲ ಬಾಗಿಲಿಂದ ಹೋಗಿ ಕೇಳಿದೆ. ಗರಡಿ ಬೇಕಂದ್ರೆ ಪಾತ್ರೆ ಒತ್ತೆ ಇಡೋದು ಪದ್ಧತಿ. ಮೇಷ್ಟ್ರ ಮನೆ ಚೊಂಬು ಅಜ್ಜಿ ಮುಟ್ಟಲ್ಲ. ಕೊರಳಲ್ಲಿ ನೇತಾಡ್ತಿದ್ದ ಮಾಸ್ಕು, ನೀರಡಿ ಕಣ್ಣು ಮೂಗು ಮುಚ್ಚೋ ಗಾಜಿನ ಮುಖವಾಡ, ತೆಗೆದುಕೊಟ್ಟೆ.

"ಇದ್ರಲ್ಲಿ ನೀರು ನಿಲ್ತದಾ?" ಅಂದಳು.

ಒಳಕ್ಕೆ ಒಂದು ತೊಟ್ಟು ನೀರೂ ಬರಲ್ಲ, ಫಾರಿನ್ನಿಂದು ಅಂತ ಜಂಬ ಕೊಚ್ಚಿದೆ. ನೀರು ನಿಲ್ಲದ್ದು ಯಾವ ಪಾತ್ರೆ ಅಂತ ಗೊಣಗಿಕೊಂಡೇ ಇಟ್ಟುಕೊಂಡಳು.

ಗರಡಿ ಇಳಿಬಿಟ್ಟ ಮೂರನೇ ಸಲಕ್ಕೆ ಕೊಳಗ ಸಿಕ್ಕಿತು. ಗರಡಿ ವಾಪಸ್ ಕೊಡೋಕೆ ಹೋದ್ರೆ, ಅಂಗಳದಲ್ಲಿ ನನ್ನ ಮಾಸ್ಕು ಅಂಗಾತ ಮಲಗಿತ್ತು, ತುಂಬ ನೀರು. ಕೋಳಿ ಕುಡೀತಿತ್ತು.

"ನಿಂತೈತೆ ಕಣಪ್ಪ," ಅಂದಳು ಅಜ್ಜಿ.

ಅಜ್ಜಿಯ ಗರಡಿ ಅಂತ ಬಾಯಿಬಿಟ್ಟರೆ ಮೇಷ್ಟ್ರ ಮಾನ ಏನಾಗಬೇಕು? ಸಿಲಿಂಡರಿನವನೇ ಎತ್ತಿಕೊಟ್ಟ ಅಂತ ಅವರೇ ಊರಿಗೆಲ್ಲ ಹೇಳಿದರು. ಅಂಗಡಿ ಉಳೀತು. ಮಾವ ಮಂಡಿಗೆ ಬಂದವರಿಗೆಲ್ಲ, ನಮ್ಮಳಿಯ ಪಾತಾಳಕ್ಕೇ ಇಳಿದು ತಂದ ಕಣ್ರೀ ಅಂತಿದ್ದರೆ, ನಾನು ಪಕ್ಕದಲ್ಲೇ ಹೂಂ ಅಂತ ಕೂತಿದ್ದೆ. ಕೌಟು ಕೊಬ್ಬರೀನ ಒಳ್ಳೇದು ಅಂತ ಆ ಮುದುಕ ಹೇಳಿದ್ದು ಅದೊಂದೇ ಸಲ.